ಒಟ್ಟರ್ಲೋ ಕಾಡಿನಲ್ಲಿ ಸಮಾರ್ಯದವನು

ಆಂಸ್ಟರ್‌ಡ್ಯಾಮಿನಲ್ಲಿ ಡಚ್ ಚಿತ್ರಕಾರ ವ್ಯಾನ್ ಗೋ ಹೆಸರಿನದೇ ಮ್ಯೂಸಿಯಂ ಇದೆ. ಆದರೆ ನಾನು ನೋಡಬೇಕೆಂದಿದ್ದ ಅವನ ‘ಒಳ್ಳೆಯ ಸಮಾರ್ಯದವನು’ ಚಿತ್ರ ಅಲ್ಲಿಲ್ಲ. ಅದಿರುವುದು ಒಟ್ಟರ್ಲೋ ಊರಿನ ಪಕ್ಕದ ರಾಷ್ಟ್ರೀಯ ಉದ್ಯಾನದ ನಡುವೆ, ಕ್ರೋಲರ್-ಮ್ಯುಲ್ಲರ್ ಮ್ಯೂಸಿಯಂನಲ್ಲಿ. ಎಡೆ-ವಾಗೆನಿಂಗೆನ್‌ವರೆಗೆ ರೈಲು, ಅಲ್ಲಿಂದ ಬಸ್ಸು. ಉದ್ಯಾನಕ್ಕೊಂದು ಟಿಕೆಟ್, ಮ್ಯೂಸಿಯಂಗೆ ಇನ್ನೊಂದು. ಜೇಬಿಗೆ ಸ್ವಲ್ಪ ಜಾಸ್ತಿಯೇ ಆಯಿತು.

ಸೈಕಲ್ ಮಾತ್ರ ಪುಕ್ಕಟೆ. ಗೇಟಿನ ಬಳಿ ಬಿಳಿ ಸೈಕಲ್‌ಗಳು ಸಾಲಾಗಿ ನಿಂತಿರುತ್ತವೆ. ಬೇಕಾದ್ದನ್ನು ತೆಗೆದುಕೊಂಡು ಹೊರಡಬಹುದು. ಹ್ಯಾಂಡಲ್‌ನಲ್ಲಿ ಬ್ರೇಕ್ ಇಲ್ಲ, ಪೆಡಲನ್ನು ಹಿಂದಕ್ಕೆ ಒತ್ತಿದರೆ ನಿಲ್ಲುತ್ತದೆ. ಪೈನ್ ಮರ, ಮರಳು ದಿಬ್ಬ ದಾಟಿದರೆ 1938ರಲ್ಲಿ ತೆರೆದ ಮ್ಯೂಸಿಯಂ. ಹೆಲೆನ್ ಕ್ರೋಲರ್-ಮ್ಯುಲ್ಲರ್ ಎಂಬಾಕೆಯ ಸಂಗ್ರಹದಿಂದ ಬೆಳೆದದ್ದು. ವ್ಯಾನ್ ಗೋನ ಸುಮಾರು 90 ವರ್ಣಚಿತ್ರಗಳು ಇದರ ಸಂಗ್ರಹದಲ್ಲಿವೆ.

ಜನ ಮುತ್ತುವುದು ರಾತ್ರಿಯ ಕೆಫೆಯ ಚಿತ್ರಕ್ಕೆ. ‘ಒಳ್ಳೆಯ ಸಮಾರ್ಯದವನು’ ಮುಂದೆ ಆರಾಮಾಗಿ ನಿಲ್ಲಬಹುದು. ಎತ್ತರ 73 ಸೆಂಟಿಮೀಟರ್, ಅಗಲ 60. ಇಷ್ಟೇನಾ ಅನ್ನಿಸುವಷ್ಟು ಚಿಕ್ಕದು.

ಕಥೆ ಬೈಬಲಿನ ಲೂಕನ ಸುವಾರ್ತೆಯ 10ನೇ ಅಧ್ಯಾಯದ್ದು. ಯೆರೂಸಲೇಮಿನಿಂದ ಯೆರಿಕೋಗೆ ಹೋಗುತ್ತಿದ್ದವನನ್ನು ಕಳ್ಳರು ದೋಚಿ, ಬಡಿದು, ಅರೆಜೀವ ಮಾಡಿ ಬಿಟ್ಟಿದ್ದಾರೆ. ಯಾಜಕ ನೋಡಿಯೂ ಪಕ್ಕದಿಂದ ಹೋದ. ದೇವಾಲಯದ ಸೇವೆಯವನಾದ ಲೇವಿಯನೂ ಹೋದ. ನಿಂತವನು ಸಮಾರ್ಯದವನು. ಯೆಹೂದ್ಯರು ದೂರ ಇಟ್ಟಿದ್ದ ಜನ ಅವರು.

ಈ ಕಥೆಯ ಚಿತ್ರ ಎಂದರೆ ಗಾಯಕ್ಕೆ ಎಣ್ಣೆ ಸವರುವ ಮೃದುವಾದ ಕೈ ಮನಸ್ಸಿಗೆ ಬರುತ್ತದೆ, ಅಲ್ವಾ? ಇಲ್ಲಿ ಹಾಗಿಲ್ಲ. ಗಾಯಾಳುವನ್ನು ಎತ್ತಿ ಕುದುರೆ ಮೇಲೆ ಕೂರಿಸಲು ಸಮಾರ್ಯದವನು ಒದ್ದಾಡುತ್ತಿದ್ದಾನೆ. ಬೆನ್ನು ಹಿಂದಕ್ಕೆ ಬಾಗಿದೆ. ಗಾಯಾಳು ಅವನ ಕುತ್ತಿಗೆಗೆ ಜೋತುಬಿದ್ದಿದ್ದಾನೆ. ಒಬ್ಬ ಮನುಷ್ಯನ ತೂಕ ಎಷ್ಟೆಂದು ನೋಡುವವರ ಸೊಂಟಕ್ಕೇ ಗೊತ್ತಾಗುವಂತಿದೆ. ಎಡಗಡೆ ಬಾಯಿ ತೆರೆದ ಖಾಲಿ ಪೆಟ್ಟಿಗೆ. ಅದರಾಚೆ ದಾರಿಯಲ್ಲಿ ಹೋಗಿಬಿಟ್ಟವರಿಬ್ಬರೂ ಸಣ್ಣದಾಗಿ ಕಾಣುತ್ತಾರೆ. ನನಗೆ ಅವರ ಮೇಲೆ ಸಿಟ್ಟು ಬರಲಿಲ್ಲ. ಅವರು ಅಷ್ಟು ಮಾಮೂಲಿಯಾಗಿ ನಡೆಯುತ್ತಿದ್ದಾರೆ!

ಇದರ ಮೂಲ ಚಿತ್ರ ಫ್ರೆಂಚ್ ಚಿತ್ರಕಾರ ದೆಲಕ್ರ್ವಾನದು. ವ್ಯಾನ್ ಗೋ ಕಣ್ಣೆದುರು ಇದ್ದದ್ದು ಅದರ ಕಪ್ಪು-ಬಿಳುಪು ಅಚ್ಚು. ಅಚ್ಚಿನಲ್ಲಿ ಎಡ ಬಲ ಅದಲುಬದಲಾಗಿತ್ತು, ಇವನಲ್ಲೂ ಹಾಗೇ ಬಂದಿದೆ. ಬಣ್ಣ ಮಾತ್ರ ಇವನದೇ. ಬೇತೋವನ್‌ನ ಸಂಗೀತವನ್ನು ನುಡಿಸುವವನು ತನ್ನದನ್ನೂ ಸೇರಿಸುತ್ತಾನಲ್ಲ, ಇದೂ ಹಾಗೇ ಎಂದು ಇಂಥ ಚಿತ್ರಗಳ ಬಗ್ಗೆ ತಮ್ಮ ಥಿಯೋಗೆ ಬರೆದಿದ್ದ.

ಈ ಚಿತ್ರ ಬರೆದದ್ದು 1890ರ ಮೇ ತಿಂಗಳಲ್ಲಿ, ಫ್ರಾನ್ಸಿನ ಸೇಂಟ್-ರೆಮಿಯ ಮಾನಸಿಕ ಆಸ್ಪತ್ರೆಯಲ್ಲಿ. ಜುಲೈ ಮುಗಿಯುವಷ್ಟರಲ್ಲಿ ಅವನೇ ಇರಲಿಲ್ಲ. ಅದಕ್ಕೂ ಸುಮಾರು ಹನ್ನೊಂದು ವರ್ಷ ಹಿಂದೆ ಬೆಲ್ಜಿಯಂನ ಕಲ್ಲಿದ್ದಲು ಗಣಿಗಳ ಊರಿನಲ್ಲಿ ಧರ್ಮಬೋಧಕನಾಗಿದ್ದಾಗ, ತನ್ನ ಬಟ್ಟೆಬರೆಯನ್ನೂ ಬಡವರಿಗೆ ಕೊಟ್ಟು ಗುಡಿಸಲಲ್ಲಿ ಮಲಗುತ್ತಿದ್ದ. ಮೇಲಿನವರಿಗೆ ಅದು ಅತಿಯಾಯಿತು, ಕೆಲಸ ಮುಂದುವರಿಸಲಿಲ್ಲ. ಕೊಡುವವನ ಪಾಡೂ, ಇನ್ನೊಬ್ಬರಿಗೆ ಜೋತುಬೀಳುವವನ ಪಾಡೂ ಅವನಿಗೆ ಗೊತ್ತಿತ್ತು. ಈ ಚಿತ್ರದಲ್ಲಿ ಇಬ್ಬರ ಮೈಯೂ ಅಷ್ಟು ನಿಜ ಅನ್ನಿಸಲು ಅದೇ ಕಾರಣ ಎಂದು ನನಗನ್ನಿಸುತ್ತದೆ.

ಹೊರಗೆ ದೊಡ್ಡ ಶಿಲ್ಪೋದ್ಯಾನವಿದೆ, ಅದಕ್ಕೇ ಅರ್ಧ ದಿನ ಬೇಕು. ಹೋಗುವವರು ಬೆಳಿಗ್ಗೆ ಬೇಗ ಹೊರಡಿ. ಸೋಮವಾರ ಮ್ಯೂಸಿಯಂಗೆ ರಜೆ. ಚಿತ್ರಗಳು ಆಗಾಗ ಬೇರೆ ಊರಿನ ಪ್ರದರ್ಶನಗಳಿಗೂ ಹೋಗುತ್ತವೆ, ಮೊದಲೇ ವಿಚಾರಿಸಿಕೊಳ್ಳಿ.