ಇನ್ನೂ ಅದನ್ನೇ ಓದ್ತಿದ್ದೀರಾ ಸಾರ್?

ಮೂವತ್ತು ವರ್ಷ ಕಾಲೇಜಿನಲ್ಲಿ ತತ್ವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು ನಾನು. ಶಿವಮೊಗ್ಗದ ಗಾಂಧಿ ಬಜಾರಿನಲ್ಲಿ ತರಕಾರಿ ಆರಿಸುತ್ತಿದ್ದರೂ ಯಾರಾದರೂ ನಿಲ್ಲಿಸಿ ಕೇಳುತ್ತಾರೆ: “ರಿಟೈರ್ ಆದ್ಮೇಲೂ ಇನ್ನೂ ಸಂಶೋಧನೆ ಮಾಡ್ತಿದ್ದೀರಂತೆ. ಯಾಕೆ ಸಾರ್?”

ನನಗೆ ಸಿಟ್ಟು ಬರುವುದು ಆ ‘ಇನ್ನೂ’ಗೆ. ಎಪ್ಪತ್ತೈದರ ಅಜ್ಜ ತೋಟದಲ್ಲಿ ನಿಂತು ಅಡಿಕೆ ಕೊನೆ ಕೊಯ್ಯಿಸಿದರೆ ಗಟ್ಟಿ ಜೀವ ಅಂತೀರಿ. ನಾನು ಪುಸ್ತಕ ಹಿಡಿದರೆ ಮಾತ್ರ ‘ಇನ್ನೂ’.

ಹೋದ ವರ್ಷ ಒಂದು ಮದುವೆ ಊಟ. ಪಕ್ಕದ ಎಲೆಗೆ ಕೂತಿದ್ದ ಭಾಮೈದ ಎಲ್ಲರಿಗೂ ಕೇಳುವ ಹಾಗೆ ಹೇಳಿದ: “ಭಾವ, ಪೆನ್ಷನ್ ಬರ್ತದೆ, ತೋಟ ಇದೆ. ಪ್ರಮೋಷನ್ ಅಂತೂ ಇನ್ನಿಲ್ಲ. ಆ ಹಳೇ ಕಲ್ಲಲ್ಲಿ ಏನು ಸಿಗ್ತದೆ ನಿಮಗೆ?” ಸುತ್ತ ಕೂತವರು ನಕ್ಕರು. ಪಾಯಸ ಬಂತು, ಮಾತು ಅಡಿಕೆ ರೇಟಿಗೆ ಹೋಯಿತು. ನಾನು ಸುಮ್ನೆ ಊಟ ಮುಗಿಸಿ ಎದ್ದೆ. ಅವತ್ತು ಬಾಯಿಗೆ ಬಾರದ ಉತ್ತರ ಇದು.

ಪ್ರಮೋಷನ್‌ಗೆ ಬೇಕಾದ ಲೇಖನಗಳನ್ನು ನೌಕರಿಯಲ್ಲಿದ್ದಾಗಲೇ ಬರೆದು ಮುಗಿಸಿದ್ದೇನೆ. ಸಿಲಬಸ್ಸು, ಇಂಟರ್ನಲ್ ಮಾರ್ಕ್ಸು, ವ್ಯಾಲ್ಯುಯೇಷನ್ನು, ಇವುಗಳ ನಡುವೆ ನನ್ನದೇ ಪ್ರಶ್ನೆ ಹಿಡಿದು ಕೂರಲು ಬಿಡುವೇ ಇರಲಿಲ್ಲ. ಈಗ ಇದೆ.

ಭಾಮೈದ ಹೇಳಿದ ಹಳೇ ಕಲ್ಲು ನಮ್ಮ ಜಿಲ್ಲೆಯದ್ದೇ. ಶಿರಾಳಕೊಪ್ಪದ ಹತ್ತಿರ ಬಳ್ಳಿಗಾವಿ ಇದೆಯಲ್ಲ, ಅಲ್ಲಿನ ಕೇದಾರೇಶ್ವರ ದೇವಸ್ಥಾನಕ್ಕೆ ಸೇರಿದ ಕೋಡಿಯ ಮಠದ ಬಗ್ಗೆ 1162ರ ಶಾಸನ. ಶಾಸನ ಸಂಗ್ರಹಿಸಿದ ಬಿ. ಎಲ್. ರೈಸ್ 1902ರಲ್ಲೇ ಅಚ್ಚು ಹಾಕಿಸಿದ್ದು. ಮಠ ಕಾಳಾಮುಖರೆಂಬ ಶೈವ ಪಂಥದವರದ್ದು. ಆದರೆ ಅಲ್ಲಿ ವ್ಯಾಖ್ಯಾನ ಮಾಡುತ್ತಿದ್ದ ದರ್ಶನಗಳ, ಅಂದರೆ ತತ್ವಶಾಸ್ತ್ರದ ಪಂಥಗಳ, ಪಟ್ಟಿ ನೋಡಿ: ನ್ಯಾಯ, ವೈಶೇಷಿಕ, ಮೀಮಾಂಸೆ, ಸಾಂಖ್ಯ, ಬೌದ್ಧ. ಶಿವನ ಮಠದಲ್ಲಿ ಬೌದ್ಧ ಪಾಠ! ಎದುರಾಳಿಯ ಮಾತನ್ನು ಅವರು ಹೇಗೆ ಕಲಿಸುತ್ತಿದ್ದರು? ನನ್ನ ಸಂಶೋಧನೆ ಅಂದರೆ ಇದು.

ನಾನೇ ಕಲಿಸಿದ ರೀತಿ ನೆನೆದರೆ ಬೇಜಾರಾಗುತ್ತದೆ. ಕಣ್ಣಿಗೆ ಕಂಡದ್ದನ್ನಷ್ಟೇ ನಂಬುವ ಚಾರ್ವಾಕರನ್ನು ಅರ್ಧ ಗಂಟೆಯಲ್ಲಿ ಮುಗಿಸುತ್ತಿದ್ದೆ. ‘ಸಾಲ ಮಾಡಿಯಾದರೂ ತುಪ್ಪ ಕುಡಿ’ ಅಂದವರು, ಬರೆದುಕೊಳ್ಳಿ, ಮುಂದಿನ ಪಾಠ. ಹದಿನಾಲ್ಕನೇ ಶತಮಾನದ ಸರ್ವದರ್ಶನಸಂಗ್ರಹ ಶುರುವಾಗುವುದೇ ಚಾರ್ವಾಕರಿಂದ. ಶೃಂಗೇರಿಯ ವಿದ್ಯಾರಣ್ಯರದ್ದೆಂದು ಪರಂಪರೆ ನಂಬುವ ಗ್ರಂಥ ಅದು. ತುಪ್ಪದ ಮಾತು ಅಲ್ಲಿದೆ, ನಿಜ. ಆದರೆ ಜೊತೆಗೇ ಗಟ್ಟಿ ವಾದವೂ ಇದೆ: ಹೊಗೆ ಇದ್ದಲ್ಲೆಲ್ಲ ಬೆಂಕಿ ಇದೆ ಅಂತೀರಲ್ಲ, ನೀವು ಕಂಡ ಒಲೆ ನಾಲ್ಕು, ಕಾಣದ್ದನ್ನೂ ಸೇರಿಸಿ ‘ಎಲ್ಲೆಲ್ಲೂ’ ಅನ್ನುವುದು ಹೇಗೆ? ಒಪ್ಪದವನ ವಾದವನ್ನು ಅವನಿಗಿಂತ ಚೆನ್ನಾಗಿ ಹೇಳಿ ಆಮೇಲೆ ಉತ್ತರ ಕೊಡಬೇಕು. ಪೂರ್ವಪಕ್ಷ ಅಂದರೆ ಅದೇ ಅಲ್ವಾ? ಮೂವತ್ತು ವರ್ಷ ನನ್ನ ಹುಡುಗರಿಗೆ ನಾನು ಅದನ್ನು ಕೊಡಲಿಲ್ಲ.

ನನಗೆ ಬೇಕಾಗಿದ್ದ ಪ್ರಶ್ನೆಯನ್ನು ಒಂದೇ ಒಂದು ಸಲ ಕೇಳಿಸಿಕೊಂಡಿದ್ದೇನೆ, ಬಳ್ಳಿಗಾವಿಯಲ್ಲೇ. ದೇವಸ್ಥಾನದ ಹತ್ತಿರ ಹುಲ್ಲು ಕೊಯ್ಯುತ್ತಿದ್ದ ಹೆಂಗಸು ನನ್ನ ಕೈಯ ಹಾಳೆ ನೋಡಿ, “ಅದ್ರಾಗೆ ಏನ್ ಬರ್ದಾರೆ?” ಅಂದಳು. ಓದಿ ಹೇಳಿದೆ. ದರ್ಶನಗಳ ಪಟ್ಟಿಗೆ ಸುಮ್ಮನಿದ್ದಳು. ಅದೇ ಮಠದಲ್ಲಿ ದಿಕ್ಕಿಲ್ಲದವರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ, ಕಥೆ ಹೇಳುವವರಿಗೆ, ಹಾಡುವವರಿಗೆ, ವಾದ್ಯದವರಿಗೆ ತಡೆಯಿಲ್ಲದೆ ಅನ್ನ ಹಾಕುತ್ತಿದ್ದರು, ರೋಗಿಗಳಿಗೆ ಔಷಧಿ ಕೊಡುತ್ತಿದ್ದರು ಅಂದಾಗ ಕತ್ತಿ ಕೆಳಗಿಟ್ಟಳು. “ಪಾಠ ಹೇಳೋ ಜಾಗದಾಗೆ ಊಟ ಯಾಕೆ?”

ನಾನು ಆ ಸಾಲನ್ನು ಹತ್ತಾರು ಸಲ ಓದಿದ್ದೆ. ಹಾಗೆ ಕೇಳಿಕೊಂಡಿರಲಿಲ್ಲ. ದರ್ಶನಗಳ ಸಾಲನ್ನೂ ಅನ್ನದ ಸಾಲನ್ನೂ ಬೇರೆ ಬೇರೆ ಹಾಳೆಯಲ್ಲಿ ಟಿಪ್ಪಣಿ ಮಾಡಿದ್ದೆ. ಕಲ್ಲಿನ ಮೇಲೆ ಅವೆರಡೂ ಒಂದೇ ಉಸಿರಿನಲ್ಲಿವೆ. ಅದೇ ಶತಮಾನದ ಅಲ್ಲಮನ ಊರೂ ಇದೇ, ಅವನು ಮದ್ದಳೆ ಬಾರಿಸುತ್ತಿದ್ದವನು ಎನ್ನುತ್ತಾನೆ ಕವಿ ಹರಿಹರ. ಊಟದ ಸಾಲಿನಲ್ಲಿ ವಾದ್ಯದವರು ಬಂದ ಕಡೆ ನನಗೆ ಅವನೇ ನೆನಪಾಗುತ್ತಾನೆ.

ಟಿಪ್ಪಣಿಗಳನ್ನೆಲ್ಲ ಬಿಚ್ಚಿ ಮೊದಲಿನಿಂದ ಬರೆಯುತ್ತಿದ್ದೇನೆ. ಮುಂದಿನ ಮದುವೆಯಲ್ಲಿ ಭಾಮೈದ ಪಕ್ಕಕ್ಕೆ ಕೂತರೆ, ಬಡಿಸುವುದರೊಳಗೆ ಆ ಊಟದ ಸಾಲನ್ನು ಅವನಿಗೆ ಓದಿ ಹೇಳುತ್ತೇನೆ.