ಸಾಫ್ಟ್‌ವೇರ್ ಕಂಪನಿ ಜೊತೆ ತಕರಾರು ಬಂದರೆ ಮೊದಲು ಡೇಟಾ ಇಳಿಸಿಕೊಳ್ಳಿ

ಸಾಫ್ಟ್‌ವೇರ್ ಸಬ್‌ಸ್ಕ್ರಿಪ್ಷನ್ ವಿಚಾರದಲ್ಲಿ ಕಂಪನಿ ಜೊತೆ ತಕರಾರು ಬಂದರೆ ಫೋನಲ್ಲಿ ಜಗಳ ಆಡಬೇಡಿ, ಖಾರವಾದ ಮೇಲ್ ಕೂಡ ಬರೆಯಬೇಡಿ. ಮೊದಲು ನಿಮ್ಮ ಡೇಟಾ ಪೂರ್ತಿ ಇಳಿಸಿಕೊಳ್ಳಿ. ಇದೊಂದನ್ನು ಹೇಳೋಕೇ ಇಷ್ಟು ಬರೆಯುತ್ತಿದ್ದೇನೆ.

ಮಂಡ್ಯದಲ್ಲಿ ನಮ್ಮ ಚಿಕ್ಕಪ್ಪನ ರೈಸ್ ಮಿಲ್ ಇದೆ, ಅದರ ಲೆಕ್ಕ ನೋಡಿಕೊಳ್ಳುವುದು ನಾನು. ಭತ್ತದ ಲೋಡು ವೇಬ್ರಿಡ್ಜ್ ಹತ್ತಿದಾಗಿನಿಂದ ಹಿಡಿದು ರೈತರ ಖಾತೆಗೆ ದುಡ್ಡು ಹೋಗುವವರೆಗೆ, ಆಮೇಲೆ ಅಕ್ಕಿ, ನುಚ್ಚು, ತೌಡು ಮಾರಿದ ಬಿಲ್ಲು, ಎಲ್ಲಾ ಒಂದೇ ಸಾಫ್ಟ್‌ವೇರ್‌ನಲ್ಲಿ. 4 ಲೈಸೆನ್ಸ್, ಮಾರ್ಚ್ 31ಕ್ಕೆ ವರ್ಷ ಮುಗಿಯುತ್ತದೆ. ಜನವರಿಯಲ್ಲಿ, ಸುಗ್ಗಿ ಜೋರಾಗಿದ್ದಾಗಲೇ, ಕಂಪನಿಯಿಂದ ಮೇಲ್ ಬಂತು. ನಿಮ್ಮಲ್ಲಿ 9 ಜನ ಬಳಸುತ್ತಿದ್ದಾರೆ, ಉಳಿದ 5 ಲೈಸೆನ್ಸ್ ದುಡ್ಡು ಹಿಂದಿನಿಂದ ಲೆಕ್ಕ ಹಾಕಿ ಕೊಡಿ, ಅದರ ಮೇಲೆ ದಂಡ, 18% ಜಿಎಸ್‌ಟಿ ಬೇರೆ, ಕೊಡದಿದ್ದರೆ ಲಾಗಿನ್ ಬಂದ್. ಜೊತೆಗೆ ಮುಂದಿನ ವರ್ಷಕ್ಕೆ ತಾನಾಗೇ ರಿನ್ಯೂ ಆಗಿದೆ ಅಂತ ಇನ್ನೊಂದು ಇನ್ವಾಯ್ಸ್.

"ಕಟ್ಟಿ ಬಿಸಾಕವ್ವ, ಮೊದ್ಲು ಸುಗ್ಗಿ ಮುಗೀಲಿ" ಅಂದರು ಚಿಕ್ಕಪ್ಪ. ಅವರು ಹೇಳಿದ್ದರಲ್ಲಿ ಅರ್ಥ ಇತ್ತು. ಹೊರಗೆ ಟ್ರ್ಯಾಕ್ಟರ್ ಸಾಲು ನಿಂತಿರುವಾಗ ತೂಕದ ಚೀಟಿ ಬರದಿದ್ದರೆ ಮಿಲ್ಲೇ ನಿಂತ ಹಾಗೆ. ಕಂಪನಿಯವರ ಬಲ ಇರುವುದೂ ಅಲ್ಲೇ. ಅವರ ವಾದ ಸರಿಯೋ ತಪ್ಪೋ, ಲಾಗಿನ್ ಬಂದ್ ಮಾಡುವ ಗುಂಡಿ ಅವರ ಕೈಯಲ್ಲಿದೆ. ಜಿಎಸ್‌ಟಿ ಕಾಯ್ದೆಯ 36ನೇ ಸೆಕ್ಷನ್ ಪ್ರಕಾರ ವಾರ್ಷಿಕ ರಿಟರ್ನ್ ಸಲ್ಲಿಸುವ ಕಡೇ ದಿನದಿಂದ 72 ತಿಂಗಳು ಲೆಕ್ಕಪತ್ರ ಇಟ್ಟುಕೊಳ್ಳುವುದು ನಮ್ಮ ಹೊಣೆ, ಸಾಫ್ಟ್‌ವೇರ್ ಕಂಪನಿಯದಲ್ಲ. ನಾಳೆ ಅಧಿಕಾರಿ ಬಂದು ಕೇಳಿದರೆ "ಲಾಗಿನ್ ಆಗ್ತಾ ಇಲ್ಲ ಸಾರ್" ಅನ್ನೋಕಾಗುತ್ತಾ?

ಹಾಗಾಗಿ ಮೇಲ್‌ಗೆ ಉತ್ತರ ಕೊಡದೆ ಡೇಟಾ ಇಳಿಸಲು ಕೂತೆ. ಒಂದು ಸಲಕ್ಕೆ 500 ಸಾಲಿಗಿಂತ ಜಾಸ್ತಿ ಕೊಡುತ್ತಿರಲಿಲ್ಲ, ಅದಕ್ಕೆ ವಾರವಾರ ಬಿಡಿಸಿ ತೆಗೆದೆ. ಚೀಟಿ ನಂಬರು, ಗಾಡಿ ನಂಬರು, ಮೂಟೆ, ತೇವಾಂಶ, ದರ, ಕೊಟ್ಟ ದುಡ್ಡು. ಪಿಡಿಎಫ್ ನೋಡೋಕೆ ಚೆನ್ನಾಗಿರುತ್ತದೆ, ಆದರೆ ನಾಳೆ ಬೇರೆ ಸಾಫ್ಟ್‌ವೇರ್‌ಗೆ ಹಾಕೋಕೆ ಬರಲ್ಲ, ಎಕ್ಸೆಲ್‌ನಲ್ಲೇ ತೆಗೆಯಿರಿ. ಪ್ರತಿ ತಿಂಗಳ ಮೊತ್ತವನ್ನು ನಾವು ಸಲ್ಲಿಸಿದ್ದ ರಿಟರ್ನ್ ಜೊತೆ ತಾಳೆ ನೋಡಿದೆ. ಕೊನೆಗೆ ಯಾರು ಯಾವಾಗ ಲಾಗಿನ್ ಆದರು, ಯಾವಾಗ ಹೊರಗೆ ಬಂದರು ಅನ್ನೋ ಪಟ್ಟಿಯನ್ನೂ ಇಳಿಸಿಕೊಂಡೆ. ತಕರಾರನ್ನು ಗೆದ್ದುಕೊಟ್ಟಿದ್ದು ಅದೇ.

ಯಾಕೆಂದರೆ ನಾವು ಸಹಿ ಮಾಡಿದ್ದ ಆರ್ಡರ್ ಫಾರ್ಮ್‌ನಲ್ಲಿ ಇದ್ದದ್ದು "ಏಕಕಾಲಕ್ಕೆ 4 ಬಳಕೆದಾರರು" ಅಂತ. ನಮ್ಮ ಮಿಲ್‌ನಲ್ಲಿ ಎರಡು ಪಾಳಿ. ಹಗಲಿನ ಹುಡುಗರು ಹೋದ ಮೇಲೆ ರಾತ್ರಿಯವರು ಲಾಗಿನ್ ಆಗುತ್ತಾರೆ, ಹೆಸರು ಎಣಿಸಿದರೆ 9, ಆದರೆ ಒಂದೇ ಹೊತ್ತಿಗೆ 4 ದಾಟಿದ್ದೇ ಇಲ್ಲ. ಕಂಪನಿಯವರು ಹಿಡಿದುಕೊಂಡಿದ್ದು ತಮ್ಮ ವೆಬ್‌ಸೈಟಿನಲ್ಲಿರುವ ಷರತ್ತನ್ನು, ಅಲ್ಲಿ ತಲೆಗೊಂದು ಲೈಸೆನ್ಸ್ ಅಂತ ಇದೆ. ಎರಡಕ್ಕೂ ತಾಳೆ ಆಗದಿದ್ದರೆ ಆರ್ಡರ್ ಫಾರ್ಮ್‌ನಲ್ಲಿ ಇರುವುದೇ ನಡೆಯುತ್ತದೆ ಅಂತ ಅವರದೇ ಕರಾರಿನಲ್ಲಿ ಒಂದು ಕಲಮು ಇತ್ತು. ನಿಮ್ಮ ಕರಾರಿನಲ್ಲೂ ಇಂಥದ್ದು ಇದೆಯಾ ಅಂತ ಹುಡುಕಿ, ತುಂಬಾ ಕಡೆ ಇರುತ್ತದೆ.

ರಿನ್ಯೂವಲ್ ವಿಷಯ ಇನ್ನೂ ಸುಲಭವಾಗಿತ್ತು. ಬೇಡ ಅನ್ನುವವರು 60 ದಿನ ಮುಂಚೆ ತಿಳಿಸಬೇಕು ಅಂತ ಇತ್ತು, ನಮಗೆ ಜನವರಿ ಕೊನೆಯವರೆಗೆ ಸಮಯ ಇತ್ತು. ಸೇಲ್ಸ್ ಹುಡುಗನ ವಾಟ್ಸಾಪ್‌ಗೆ ಹಾಕಿ ಸುಮ್ನೆ ಇರಬೇಡಿ. ನೋಟಿಸ್ ಎಲ್ಲಿಗೆ ಕಳಿಸಬೇಕು ಅಂತ ಕರಾರಿನಲ್ಲಿ ಇರುತ್ತದಲ್ವಾ, ಆ ಮೇಲ್‌ಗೇ ಕಳಿಸಿ, ಸ್ಪೀಡ್ ಪೋಸ್ಟ್ ಕೂಡ ಹಾಕಿ.

ಡೇಟಾ ಕೈಗೆ ಬಂದ ಮೇಲೆ ಉತ್ತರ ಬರೆದೆ. ಒಪ್ಪಿದ ಬಾಕಿ ಒಂದು ಪೈಸೆ ಬಿಡದೆ ಕಟ್ಟಿದೆವು, ಬಾಕಿ ಇದೆ ಅನ್ನೋ ನೆಪದಲ್ಲಿ ಲಾಗಿನ್ ಬಂದ್ ಮಾಡಬಾರದು ನೋಡಿ. ಉಳಿದದ್ದಕ್ಕೆ ಲೆಕ್ಕ ಹೇಗೆ ಬಂತು ತೋರಿಸಿ ಅಂತ ಕೇಳಿ, ಲಾಗಿನ್ ಪಟ್ಟಿ ಲಗತ್ತಿಸಿದೆ. ದಂಡದ ಬಗ್ಗೆ 1872ರ ಕರಾರು ಕಾಯ್ದೆಯ 74ನೇ ಸೆಕ್ಷನ್ ಹೆಸರಿಸಿದೆ. ಕರಾರಿನಲ್ಲಿ ಎಷ್ಟೇ ದಂಡ ಬರೆದಿದ್ದರೂ ಕೋರ್ಟು ಕೊಡಿಸುವುದು ಆ ಮಿತಿಯೊಳಗಿನ ನ್ಯಾಯವಾದ ಪರಿಹಾರ ಮಾತ್ರ.

ಗ್ರಾಹಕರ ಆಯೋಗಕ್ಕೆ ಹೋಗಬಹುದಲ್ಲ ಅಂತ ಸುಮಾರು ಜನ ಕೇಳಿದರು. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯಲ್ಲಿ ವ್ಯಾಪಾರಕ್ಕೆ ಕೊಂಡವರು ಗ್ರಾಹಕರಲ್ಲ, ನಮ್ಮಂಥ ಮಿಲ್‌ಗೆ ಆ ದಾರಿ ಕಷ್ಟ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯುವವರಿಗೆ, ಒಬ್ಬರೇ ಕೂತು ಡಿಟಿಪಿ ಮಾಡುವವರಿಗೆ ಅನ್ನಿ, ಅದೇ ಕಾಯ್ದೆ ವಿನಾಯಿತಿ ಕೊಟ್ಟಿದೆ. ನಮ್ಮ ಕರಾರಿನಲ್ಲಿದ್ದದ್ದು ದೆಹಲಿಯಲ್ಲಿ ಪಂಚಾಯ್ತಿ, ಅಂದರೆ ಕೋರ್ಟಿನ ಬದಲು ಪಂಚರು (ಆರ್ಬಿಟ್ರೇಟರ್) ತಕರಾರು ತೀರ್ಮಾನ ಮಾಡುವುದು, ಆ ಪಂಚರನ್ನು ನೇಮಿಸುವುದೂ ಕಂಪನಿಯೇ. ತಕರಾರಿನಲ್ಲಿ ಸ್ವಂತ ಹಿತ ಇರುವವರು ತಾವೊಬ್ಬರೇ ಪಂಚರನ್ನು ನೇಮಿಸುವಂತಿಲ್ಲ ಅಂತ 2019ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ. ಇದನ್ನೂ ಮೇಲ್‌ನಲ್ಲಿ ಸೇರಿಸಿದೆ.

ಅಲ್ಲಿಗೆ ಅವರ ದನಿ ಬದಲಾಯಿತು. 5 ಲೈಸೆನ್ಸ್ ಬೇಡಿಕೆ ಕೈಬಿಟ್ಟರು, ರಿನ್ಯೂವಲ್ ಇನ್ವಾಯ್ಸ್ ರದ್ದು ಮಾಡಿ ಕ್ರೆಡಿಟ್ ನೋಟ್ ಕಳಿಸಿದರು. ಮಾರ್ಚ್ ಮುಗಿಯುವವರೆಗೆ ಅದರಲ್ಲೇ ಕೆಲಸ ಮಾಡಿ ಬೇರೆ ಸಾಫ್ಟ್‌ವೇರ್‌ಗೆ ಹೋದೆವು.

ಹೊಸ ಕರಾರಿನಲ್ಲಿ ಎರಡು ವಿಷಯ ಬರೆಸಿದ್ದೇವೆ. ಎಣಿಕೆ ಏಕಕಾಲದ ಬಳಕೆದಾರರದ್ದು, ವೆಬ್‌ಸೈಟಿನ ಷರತ್ತು ಬದಲಾದರೂ ಇದು ಬದಲಾಗಲ್ಲ. ಕರಾರು ಮುಗಿದ ಮೇಲೂ 90 ದಿನ ಡೇಟಾ ನೋಡಲು, ಇಳಿಸಿಕೊಳ್ಳಲು ಬಿಡಬೇಕು. ಇದನ್ನು ಬರೆದುಕೊಡೋಕಾಗಲ್ಲ, ಬಾಯಿ ಮಾತಲ್ಲಿ ಇರಲಿ ಅಂದ ಒಬ್ಬರನ್ನು ಚಿಕ್ಕಪ್ಪನೇ ಕಾಫಿ ಕೊಟ್ಟು ವಾಪಸ್ ಕಳಿಸಿದರು.