ಬಲ್ಬಿಗೊಂದು ವೈಫೈ, ಫೋನಿಗೊಂದು ವೈಫೈ

ಸ್ಮಾರ್ಟ್ ಬಲ್ಬ್ ಸಿಕ್ಕಿಸಿದ್ದಾಯಿತು, ಆ್ಯಪ್‌ನಲ್ಲಿ ಪಾಸ್‌ವರ್ಡ್ ಹಾಕಿದ್ದಾಯಿತು. ಬಲ್ಬ್ ಮಾತ್ರ ಮಿಣುಕುತ್ತಲೇ ಇದೆ, ವೈಫೈಗೆ ಸೇರುತ್ತಿಲ್ಲ. ರೌಟರಿನ ಎರಡು ಬ್ಯಾಂಡ್‌ಗಳಿಗೆ, ಅಂದರೆ 2.4 ಮತ್ತು 5 ಗಿಗಾಹರ್ಟ್ಸ್ ಎಂಬ ಎರಡು ರೇಡಿಯೊ ಪಟ್ಟಿಗಳಿಗೆ, ಬೇರೆ ಬೇರೆ ಹೆಸರಿಡುವ ದಿನ ಹೆಚ್ಚಾಗಿ ಶುರುವಾಗುವುದು ಹೀಗೆಯೇ. ಪಾಸ್‌ವರ್ಡ್ ಸರಿಯಾಗಿಯೇ ಇರುತ್ತದೆ. ಆದರೆ ಇಂಥ ಬಲ್ಬ್, ಪ್ಲಗ್‌ಗಳಲ್ಲಿ ಬಹುಪಾಲಿನ ಚಿಪ್‌ಗೆ 2.4 ಗಿಗಾಹರ್ಟ್ಸ್ ಬಿಟ್ಟು ಬೇರೇನೂ ಕೇಳಿಸದು. ಕೆಲವಂತೂ ಫೋನ್ ಗಾಳಿಯಲ್ಲಿ ಕಳಿಸುವ ಪ್ಯಾಕೆಟ್‌ಗಳಿಂದಲೇ (ಮಾಹಿತಿಯ ತುಣುಕುಗಳಿಂದಲೇ) ಪಾಸ್‌ವರ್ಡ್ ಹೆಕ್ಕಿಕೊಳ್ಳುತ್ತವೆ. ಫೋನ್ 5 ಗಿಗಾಹರ್ಟ್ಸ್‌ನಲ್ಲಿದ್ದರೆ ಅದರ ಮಾತು ಬಲ್ಬಿನ ಕಿವಿಗೆ ಬೀಳುವುದಿಲ್ಲ. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿದ್ದರೆ ಫೋನ್ ಎಲ್ಲಿದೆ ಎಂಬುದೂ ಸುಲಭಕ್ಕೆ ತಿಳಿಯದು.

ಕೆಲಸಕ್ಕೆ ಕೂರುವ ಮುನ್ನ ಕಂಪ್ಯೂಟರನ್ನು ರೌಟರಿಗೆ ಲ್ಯಾನ್ ಕೇಬಲ್‌ನಿಂದ ಜೋಡಿಸಿಕೊಳ್ಳಿ. ವೈಫೈ ಮೇಲೆ ಕೂತು ವೈಫೈಯನ್ನೇ ಬದಲಿಸಿದರೆ ‘ಸೇವ್’ ಒತ್ತಿದ ಕೂಡಲೇ ಸಂಪರ್ಕ ಕಡಿದುಹೋಗುತ್ತದೆ. ಲಾಗಿನ್ ವಿಳಾಸ ರೌಟರಿನ ಹಿಂಬದಿಯ ಸ್ಟಿಕ್ಕರಿನಲ್ಲಿರುತ್ತದೆ, ಸಾಮಾನ್ಯವಾಗಿ 192.168.0.1 ಅಥವಾ 192.168.1.1. ಒಳಗೆ ಹೋದ ಮೇಲೆ ಮೊದಲು ‘ಸ್ಮಾರ್ಟ್ ಕನೆಕ್ಟ್’ ಅಥವಾ ‘ಬ್ಯಾಂಡ್ ಸ್ಟೀರಿಂಗ್’ ಎಂಬುದನ್ನು ಆಫ್ ಮಾಡಬೇಕು. ಎರಡೂ ಬ್ಯಾಂಡ್‌ಗೆ ಒಂದೇ ಹೆಸರಿಟ್ಟು, ಯಾವ ಉಪಕರಣ ಎಲ್ಲಿರಬೇಕೆಂದು ರೌಟರೇ ನೋಡಿಕೊಳ್ಳುವ ವ್ಯವಸ್ಥೆ ಇದು. ಅದು ಆನ್ ಇರುವವರೆಗೆ ಅನೇಕ ರೌಟರ್‌ಗಳಲ್ಲಿ ಎರಡನೇ ಹೆಸರಿನ ಜಾಗವೇ ಕಾಣಿಸುವುದಿಲ್ಲ.

ಇನ್ನು ಹೆಸರು. ಇಡೀ ಕೆಲಸದಲ್ಲಿ ಯೋಚಿಸಬೇಕಾದ ಜಾಗ ಇದೇ. ಹಳೆಯ ಹೆಸರು, ಹಳೆಯ ಪಾಸ್‌ವರ್ಡ್ 2.4ಕ್ಕೇ ಇರಲಿ. ಹೊಸ ಹೆಸರು 5ಕ್ಕೆ. ಕ್ಯಾಮೆರಾ, ಪ್ರಿಂಟರ್, ಪ್ಲಗ್‌ಗಳಂಥವು ಹಳೆಯ ಹೆಸರನ್ನೇ ನೆನಪಿಟ್ಟುಕೊಂಡಿರುತ್ತವೆ. ಪರದೆಯಿಲ್ಲದ ಇವುಗಳಿಗೆ ಹೊಸ ಹೆಸರು ಕಲಿಸಬೇಕೆಂದರೆ ಒಂದೊಂದನ್ನೂ ರಿಸೆಟ್ ಮಾಡುತ್ತ ಕೂರಬೇಕಾಗುತ್ತದೆ. ಫೋನ್, ಲ್ಯಾಪ್‌ಟಾಪ್‌ಗೆ ಹೊಸ ಹೆಸರು ಹಾಕುವುದು ಅರ್ಧ ನಿಮಿಷದ ಮಾತು. ಹೆಸರನ್ನು ಕನ್ನಡದಲ್ಲೂ ಇಡಬಹುದು, ಆದರೆ ಮಿತಿ 32 ಬೈಟ್. ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತ ಚಿಹ್ನೆಯೂ 3 ಬೈಟ್ ತಿನ್ನುತ್ತದೆ. ‘ಮನೆ’ ಎಂಬಷ್ಟಕ್ಕೇ 9 ಬೈಟ್. ಕೆಲವು ಹಳೆಯ ಉಪಕರಣಗಳಲ್ಲಿ ಅದು ಬರೀ ಚೌಕಗಳಾಗಿ ಕಾಣುವುದೂ ಉಂಟು, ಹಾಗಾಗಿ 2.4ಕ್ಕೆ ಕನ್ನಡದ ಹೆಸರು ಬೇಡ. 5ಕ್ಕೆ ಧಾರಾಳವಾಗಿ ಇಡಿ.

ಒಂದೊಂದು ಬ್ಯಾಂಡಿನೊಳಗೂ ಚಾನೆಲ್ ಎಂಬ ಸಣ್ಣ ಸಣ್ಣ ಭಾಗಗಳಿರುತ್ತವೆ. 2.4ರಲ್ಲಿ ಚಾನೆಲ್ ಅಗಲ 20 ಮೆಗಾಹರ್ಟ್ಸ್ ಇರಲಿ, ಚಾನೆಲ್ 1, 6, 11ರಲ್ಲಿ ಒಂದು. ಈ ಬ್ಯಾಂಡಿನಲ್ಲಿ ಅಕ್ಕಪಕ್ಕದ ಚಾನೆಲ್‌ಗಳ ನಡುವೆ ಅಂತರ ಬರೀ 5 ಮೆಗಾಹರ್ಟ್ಸ್, ಆದರೆ ಸಿಗ್ನಲ್ಲಿನ ಅಗಲ 20. ಜಾಣತನವೆಂದು 3 ಅಥವಾ 4 ಆರಿಸಿದರೆ 1ರವರ ಮೇಲೂ 6ರವರ ಮೇಲೂ ಬಿದ್ದಂತಾಗುತ್ತದೆ. ಪಕ್ಕದ ಮನೆಯವರು 6ರಲ್ಲಿದ್ದಾರೆ, ಬೇರೆಲ್ಲೂ ಜಾಗವಿಲ್ಲ ಎಂದರೆ 6ರಲ್ಲೇ ಕೂರುವುದು ವಾಸಿ. ಒಂದೇ ಚಾನೆಲ್‌ನಲ್ಲಿರುವ ರೌಟರ್‌ಗಳು ಒಂದರ ಮಾತು ಇನ್ನೊಂದು ಕೇಳಿಸಿಕೊಂಡು ಸರದಿ ಪಾಲಿಸುತ್ತವೆ. ಅರ್ಧಂಬರ್ಧ ಮೇಲೆ ಬಿದ್ದವು ಒಂದಕ್ಕೊಂದು ಬರೀ ಗದ್ದಲ.

5ರಲ್ಲಿ 80 ಮೆಗಾಹರ್ಟ್ಸ್, ಚಾನೆಲ್ 36ರಿಂದ 48ರೊಳಗೆ ಇಟ್ಟರೆ ತಕರಾರು ಕಡಿಮೆ. 52ರಿಂದ 144ರವರೆಗಿನವನ್ನು ರಾಡಾರ್‌ಗಳೂ ಬಳಸುತ್ತವೆ. ಅಲ್ಲಿ ರೌಟರ್ ಮೊದಲು ಕನಿಷ್ಠ 60 ಸೆಕೆಂಡ್ ಸುಮ್ಮನೆ ಕಿವಿಗೊಟ್ಟು, ರಾಡಾರ್ ಇಲ್ಲವೆಂದು ಖಾತ್ರಿಯಾದ ಮೇಲಷ್ಟೇ ಮಾತಾಡಬೇಕು. ರೀಸ್ಟಾರ್ಟ್ ಮಾಡಿದಾಗ ಆ ಹೊತ್ತು ಹೊಸ ಹೆಸರು ಕಾಣದೆ, ಏನೋ ಕೆಟ್ಟಿತೆಂದು ಮತ್ತೆ ಸ್ವಿಚ್ ಆಫ್ ಮಾಡುವವರೂ ಉಂಟು.

ಭದ್ರತೆಗೆ 2.4ರಲ್ಲಿ ಡಬ್ಲ್ಯೂಪಿಎ2 (ವೈಫೈಗೆ ಬೀಗ ಹಾಕುವ ವಿಧಾನ), ಅದರಲ್ಲಿ ಗೂಢಲಿಪಿಯಾಗಿ ಎಇಎಸ್. ಅದರ ಬದಲು ಹಳೆಯ ‘ಟಿಕೆಐಪಿ’ ಆರಿಸಿದರೆ ವೇಗ 54 ಎಂಬಿಪಿಎಸ್‌ಗೇ ನಿಲ್ಲುತ್ತದೆ. ಇನ್ನೂ ಹೊಸದಾದ ಡಬ್ಲ್ಯೂಪಿಎ3 ಒಂದನ್ನೇ ಇಟ್ಟರೆ ಹಳೆಯ ಬಲ್ಬುಗಳು ಒಳಗೇ ಬಾರವು.

ಫೋನ್ ಇನ್ನೂ ನಿಧಾನವೇ ಇದ್ದರೆ ತಪ್ಪು ರೌಟರಿನದೇ ಆಗಿರಬೇಕಿಲ್ಲ. ಫೋನಿನ ನೆನಪಿನಲ್ಲಿ ಎರಡೂ ಹೆಸರುಗಳಿವೆ. ದೂರದ ಕೋಣೆಗೆ ಹೋದಾಗ 2.4ಕ್ಕೆ ಜಾರಿದ್ದು, ರೌಟರಿನ ಬುಡಕ್ಕೆ ಬಂದರೂ ಅಲ್ಲೇ ಅಂಟಿಕೊಂಡಿರುತ್ತದೆ. 5ರ ಸಿಗ್ನಲ್ ಮನೆಯ ಎಲ್ಲ ಕಡೆ ತಲುಪುವುದಾದರೆ ಫೋನಿನಲ್ಲಿ 2.4ರ ಹೆಸರನ್ನು ‘ಫರ್ಗೆಟ್’ ಮಾಡಿ. ಗೋಡೆಗಳಲ್ಲಿ 5 ಹೆಚ್ಚು ಸೊರಗುವುದರಿಂದ ಎಲ್ಲ ಮನೆಗೂ ಈ ಮಾತು ಹೊಂದದು. ಕರೆಯಲ್ಲಿರುವಾಗ ಕೋಣೆಯಿಂದ ಕೋಣೆಗೆ ಓಡಾಡುವವರಿಗೆ ಒಂದೇ ಹೆಸರು ಇಟ್ಟುಕೊಳ್ಳುವುದೇ ಮೇಲು.

ರೌಟರಿಗೆ ಯುಎಸ್‌ಬಿ 3.0 ಹಾರ್ಡ್‌ಡಿಸ್ಕ್ ಸಿಕ್ಕಿಸಿದ್ದರೆ ಅದನ್ನೂ ಒಮ್ಮೆ ಕಳಚಿ ನೋಡಿ, ಅದು 2.4ರಲ್ಲಿ ಗದ್ದಲ ಎಬ್ಬಿಸುತ್ತದೆ.

ಫೋನ್ 5ರಲ್ಲಿ, ಪ್ರಿಂಟರ್ 2.4ರಲ್ಲಿ ಇದ್ದರೆ ಪ್ರಿಂಟ್ ಬರುತ್ತದೆಯೇ? ಬರುತ್ತದೆ. ಹೆಸರು ಎರಡಾದರೂ ಒಳಗಿನ ನೆಟ್‌ವರ್ಕ್ ಒಂದೇ. ಎರಡರಲ್ಲಿ ಒಂದನ್ನು ಗೆಸ್ಟ್ ನೆಟ್‌ವರ್ಕ್ (ಅತಿಥಿಗಳಿಗೆಂದು ಬೇರೆಯಾಗಿಡುವ ವೈಫೈ) ಮಾಡಿಬಿಟ್ಟರೆ ಮಾತ್ರ ಸಾಮಾನ್ಯವಾಗಿ ನಡುವೆ ಗೋಡೆ ಏಳುತ್ತದೆ. ಬಲ್ಬನ್ನು ಸೇರಿಸುವಾಗಲೂ ಅಷ್ಟೇ: ಐದು ನಿಮಿಷ ಫೋನನ್ನು 2.4ಕ್ಕೆ ತನ್ನಿ, ಬಲ್ಬ್ ಮಿಣುಕುವುದು ನಿಂತ ಮೇಲೆ ಫೋನನ್ನು 5ಕ್ಕೆ ಮರಳಿಸಿ. ಬಲ್ಬ್ ಅಲ್ಲಿಂದಲೂ ಆನ್ ಆಗುತ್ತದೆ.